ಅಚ್ಚಿನ ವ್ಯಾಟ್ ನಂಬಿ ಪವರ್ ಆಂಪ್ ತಂದರೆ ಸುಡುವುದು ಸ್ಪೀಕರ್

ಮುಂದೆ ದಪ್ಪ ಅಲ್ಯೂಮಿನಿಯಂ ಪ್ಲೇಟು, ಸದ್ದಿನ ಮಟ್ಟ ತೋರಿಸುವ ಎರಡು ವಿಯು ಮೀಟರು, ಹಿಂದೆ ‘200+200 ವ್ಯಾಟ್’ ಅಂತ ಅಚ್ಚು. ಬೆಲೆ ಮಾತ್ರ ಅಷ್ಟೇ ಶಕ್ತಿಯ ಬೇರೆ ಆಂಪ್‌ಗಳ ಅರ್ಧಕ್ಕಿಂತ ಕಡಿಮೆ. ಇಂಥದ್ದೊಂದು ಕ್ಲಾಸ್ ಎಬಿ (ಹಳೇ ಬಗೆಯ ಟ್ರಾನ್ಸಿಸ್ಟರ್) ಪವರ್ ಆಂಪ್, ಅಂದರೆ ಸ್ಪೀಕರ್ ನಡೆಸುವ ಆಂಪ್ಲಿಫೈಯರ್, ಏಳೆಂಟು ತಿಂಗಳು ತಕರಾರಿಲ್ಲದೆ ಹಾಡಿತು. ಆಮೇಲೊಂದು ದಿನ ಎಡಗಡೆ ಸ್ಪೀಕರ್‌ನಲ್ಲಿ ‘ಡಬ್’ ಅಂತ ಒಂದೇ ಸದ್ದು, ಬೆನ್ನಿಗೇ ವಾರ್ನಿಷ್ ಸುಟ್ಟ ವಾಸನೆ. ವೂಫರ್‌ನ (ತಗ್ಗು ಸ್ವರದ ದೊಡ್ಡ ಸ್ಪೀಕರ್) ಕೋನ್ ಮುಂದಕ್ಕೆ ತಳ್ಳಿಕೊಂಡು ಹಾಗೇ ನಿಂತಿತ್ತು. ಸ್ವಿಚ್ ಆರಿಸುವಷ್ಟರಲ್ಲಿ ಕೋನ್ ಅಲುಗಿಸುವ ತಂತಿ ಸುರುಳಿ, ವಾಯ್ಸ್ ಕಾಯಿಲ್, ಮುಗಿದಿತ್ತು. ಎತ್ತರದ ಸ್ವರದ ಟ್ವೀಟರ್‌ಗೆ ಏನೂ ಆಗಿರಲಿಲ್ಲ, ಆಂಪ್‌ನ ಫ್ಯೂಸೂ ಹಾರಿರಲಿಲ್ಲ.

ಮುಚ್ಚಳ ಬಿಚ್ಚಿದರೆ ಒಳಗಿದ್ದದ್ದು 24-0-24 (ನಡುವಿನ ಸೊನ್ನೆಯಿಂದ ಎರಡೂ ಕಡೆ 24 ವೋಲ್ಟ್), 3 ಆಂಪಿಯರ್ ಟ್ರಾನ್ಸ್‌ಫಾರ್ಮರ್. ಲೆಕ್ಕ ಹಾಕಲು ಇಷ್ಟು ಸಾಕು. 24 ವೋಲ್ಟ್ ಎಸಿಯನ್ನು 1.41ರಿಂದ ಗುಣಿಸಿ, ಡಯೋಡಿನಲ್ಲಿ ಹೋಗುವುದನ್ನು ಕಳೆದರೆ ರೈಲ್, ಅಂದರೆ ಆಂಪ್‌ನ ಒಳಗಿನ ಡಿಸಿ ಸಪ್ಲೈ, ಸುಮಾರು ±33 ವೋಲ್ಟ್. ಲೋಡ್ ಬಿದ್ದಾಗ ಅದು 30ರ ಹತ್ತಿರಕ್ಕೆ ಕುಸಿಯುತ್ತದೆ. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಇನ್ನೊಂದು 3 ವೋಲ್ಟ್ ಹೋದರೆ ಪೀಕ್‌ಗೆ ಉಳಿದದ್ದು 27, ಆರ್‌ಎಂಎಸ್‌ನಲ್ಲಿ (ಪೀಕನ್ನು 1.41ರಿಂದ ಭಾಗಿಸಿದ ಪರಿಣಾಮಕಾರಿ ಬೆಲೆ) 19. ಹತ್ತೊಂಬತ್ತರ ವರ್ಗವನ್ನು 8 ಓಮ್‌ನಿಂದ ಭಾಗಿಸಿ: ಚಾನೆಲ್‌ಗೆ 45 ವ್ಯಾಟ್. ಟ್ರಾನ್ಸ್‌ಫಾರ್ಮರ್‌ನ ಒಟ್ಟು ಸಾಮರ್ಥ್ಯವೇ 48 × 3, ಅಂದರೆ 144 ವಿಎ. ಅದರಿಂದ 400 ವ್ಯಾಟ್ ಸಂಗೀತ ತೆಗೆಯುವ ವಿದ್ಯೆ ಯಾರಿಗಾದರೂ ಗೊತ್ತಿದ್ದರೆ ಅವರು ಆಂಪ್ ಮಾರುತ್ತಾ ಕೂರಬೇಕಿಲ್ಲ.

ಹಾಗಾದರೆ 200 ಎಲ್ಲಿಂದ ಬಂತು? ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂಬ ಮಾರಾಟದ ಅಂಕಿ) ಅಂತ ಬರೆದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ. ಬರೆಯದಿದ್ದರೂ 4 ಓಮ್ ಲೋಡ್, ಒಂದೇ ಚಾನೆಲ್, 1 ಕಿಲೋಹರ್ಟ್ಸ್ ಟೋನ್, 10% ಡಿಸ್ಟಾರ್ಷನ್ ಅಂತ ಒಂದೊಂದೇ ಷರತ್ತು ಸಡಿಲಿಸುತ್ತಾ ಹೋದರೆ ಅಂಕಿ ತಾನಾಗಿ ಉಬ್ಬುತ್ತದೆ. 8 ಓಮ್, ಎರಡೂ ಚಾನೆಲ್ ಒಟ್ಟಿಗೆ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಡಿಸ್ಟಾರ್ಷನ್ 0.1% ಅಥವಾ ಅದಕ್ಕಿಂತ ಕಡಿಮೆ. ಈ ನಾಲ್ಕೂ ಪಕ್ಕದಲ್ಲಿದ್ದರೆ ಮಾತ್ರ ವ್ಯಾಟ್ ಅಂಕಿಯನ್ನು ಓದಿ.

ನಿಜ ಹೇಳಬೇಕೆಂದರೆ 45 ವ್ಯಾಟ್ ಮನೆಗೆ ಕಡಿಮೆಯೇನಲ್ಲ. ಶಕ್ತಿ ಎರಡರಷ್ಟಾದರೂ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. 87 ಡೆಸಿಬೆಲ್ ಸೆನ್ಸಿಟಿವಿಟಿಯ (1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ ಬರುವ ಸದ್ದು) ಸ್ಪೀಕರ್‌ಗೆ ಸಾಧಾರಣ ಕೋಣೆಯಲ್ಲಿ 45 ಧಾರಾಳ ಸಾಕು. ಸುಳ್ಳು ಅಂಕಿಯಿಂದ ಹೋಗುವುದು ದುಡ್ಡು. ಸ್ಪೀಕರ್ ಹೋದದ್ದು ಬೇರೆ ಕಾರಣಕ್ಕೆ.

ಎಡ ಚಾನೆಲ್‌ನ 2ಎಸ್‌ಸಿ5200 ಟ್ರಾನ್ಸಿಸ್ಟರ್ ಕಲೆಕ್ಟರ್‌ನಿಂದ ಎಮಿಟರ್‌ಗೆ ಶಾರ್ಟ್ ಆಗಿತ್ತು. ಅಸಲಿಯಾದರೆ 15 ಆಂಪಿಯರ್, 230 ವೋಲ್ಟ್ ತಡೆಯುವ ಗಟ್ಟಿ ಸಾಮಾನು. ಆದರೆ ಇದೂ, ಇದರ ಜೋಡಿ 2ಎಸ್‌ಎ1943 ಕೂಡ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ನಕಲಾಗುವ ಭಾಗಗಳು. ಕೆಟ್ಟದ್ದನ್ನು ಒಡೆದು ನೋಡಿದಾಗ ಒಳಗಿನ ಸಿಲಿಕಾನ್ ತುಣುಕು ಅಸಲಿಯದರ ಅರ್ಧವೂ ಇರಲಿಲ್ಲ. ಶಾರ್ಟ್ ಆದ ಕ್ಷಣ +33 ವೋಲ್ಟ್ ಡಿಸಿ ನೇರ ಸ್ಪೀಕರ್ ಟರ್ಮಿನಲ್‌ಗೆ ಬಂತು. 8 ಓಮ್ ವೂಫರ್‌ನ ಕಾಯಿಲ್ ಡಿಸಿಗೆ ಒಡ್ಡುವ ತಡೆ ಸುಮಾರು 6 ಓಮ್. ಕರೆಂಟ್ 5.5 ಆಂಪಿಯರ್, ಶಾಖ 180 ವ್ಯಾಟ್. ಕೋನ್ ಅಲುಗಾಡದೆ ಒಂದೇ ಕಡೆ ನಿಂತಿರುವುದರಿಂದ ಕಾಯಿಲ್‌ಗೆ ಗಾಳಿಯೂ ಆಡುವುದಿಲ್ಲ. ಇತ್ತ ರೈಲ್‌ನಲ್ಲಿದ್ದದ್ದು 5 ಆಂಪಿಯರ್ ಸ್ಲೋ ಬ್ಲೋ (ನಿಧಾನವಾಗಿ ಹಾರುವ) ಫ್ಯೂಸ್. 5.5 ಆಂಪಿಯರ್‌ಗೆ ಅದು ಎಷ್ಟೋ ಹೊತ್ತು ತಡೆದುಕೊಳ್ಳುತ್ತದೆ, ಕಾಯಿಲ್ ತಡೆಯುವುದಿಲ್ಲ. ಸ್ವರಗಳನ್ನು ವೂಫರ್, ಟ್ವೀಟರ್‌ಗಳಿಗೆ ಹಂಚುವ ಕ್ರಾಸ್‌ಓವರ್‌ನಲ್ಲಿ ಟ್ವೀಟರ್‌ನ ದಾರಿಗೆ ಸರಣಿಯಲ್ಲಿ ಕೆಪಾಸಿಟರ್ ಇರುವುದರಿಂದ ಡಿಸಿ ಅಲ್ಲಿಗೆ ಹೋಗಲಿಲ್ಲ. ವೂಫರ್‌ನ ದಾರಿಯಲ್ಲಿ ಇರುವುದು ಇಂಡಕ್ಟರ್, ಅದು ಡಿಸಿಗೆ ಬರೀ ತಂತಿ.

ಇದನ್ನು ತಡೆಯಬೇಕಿದ್ದದ್ದು ಔಟ್‌ಪುಟ್ ರಿಲೇ, ಅಂದರೆ ಡಿಸಿ ಬಂದ ಕೂಡಲೇ ಸ್ಪೀಕರ್‌ನ ಸಂಪರ್ಕ ಕಡಿಯುವ ಸ್ವಿಚ್. ಮುಂದೆ ‘ಪ್ರೊಟೆಕ್ಷನ್’ ಅಂತ ಕೆಂಪು ಎಲ್‌ಇಡಿ ಏನೋ ಉರಿಯುತ್ತಿತ್ತು. ಅದರ ವೈರ್ ಹಿಡಿದು ಹೋದರೆ ಒಂದು ರೆಸಿಸ್ಟರ್, ಆಚೆಗೆ ಸಪ್ಲೈ. ರಿಲೇಯೂ ಇಲ್ಲ, ಡಿಸಿ ಗಮನಿಸುವ ಸರ್ಕಿಟ್ಟೂ ಇಲ್ಲ.

ದುಡ್ಡು ಕೊಡುವ ಮೊದಲು ಕಿವಿಯಿಂದಲೇ ಇದನ್ನು ಪತ್ತೆ ಹಚ್ಚಬಹುದು. ಆನ್ ಮಾಡಿದ 3-5 ಸೆಕೆಂಡಿಗೆ ಒಳಗಿಂದ ‘ಟಕ್’ ಅನ್ನಬೇಕು, ಆಫ್ ಮಾಡಿದ ಕೂಡಲೇ ಇನ್ನೊಂದು ಟಕ್. ಆ ಸದ್ದಿಲ್ಲದೆ ಸ್ಪೀಕರ್‌ನಲ್ಲಿ ದೊಡ್ಡ ಥಂಪ್ ಬಂದರೆ ವಾಪಸ್ ಇಟ್ಟುಬಿಡಿ. ಟಕ್ ಅಂದ ಮಾತ್ರಕ್ಕೆ ಡಿಸಿ ಪ್ರೊಟೆಕ್ಷನ್ ಇದೆ ಅಂತಲ್ಲ, ಬರೀ ಟೈಮರ್ ಇರುವ ರಿಲೇಗಳೂ ಉಂಟು. ಮುಚ್ಚಳ ತೆಗೆಸಿ ನೋಡಲು ಬಿಟ್ಟರೆ ರಿಲೇ ಹತ್ತಿರ ಯುಪಿಸಿ1237 ಎಂಬ ಒಂದೇ ಸಾಲಿನ 8 ಕಾಲಿನ ಐಸಿ ಹುಡುಕಿ. ಬಹಳ ಆಂಪ್‌ಗಳಲ್ಲಿ ಡಿಸಿ ಕಾಯುವುದು ಅದೇ.

ಆಮೇಲೆ ಮಲ್ಟಿಮೀಟರ್. ಸ್ಪೀಕರ್ ಬಿಚ್ಚಿ, ಸಿಗ್ನಲ್ ಕೊಡದೆ, 20 ನಿಮಿಷ ಆನ್ ಇಟ್ಟು ಟರ್ಮಿನಲ್‌ಗಳ ನಡುವೆ ಡಿಸಿ ಅಳೆಯಿರಿ. ಮೊದಲು 200 ವೋಲ್ಟ್ ರೇಂಜ್, ಏನೂ ಕಾಣದಿದ್ದರೆ ಮಾತ್ರ 2 ವೋಲ್ಟ್‌ಗೆ ಇಳಿಸಿ. 20 ಮಿಲಿವೋಲ್ಟ್ ಒಳಗೆ ಚೆನ್ನ, 50ರವರೆಗೆ ನಡೆಯುತ್ತದೆ, 100 ದಾಟಿದರೆ ಬೇಡ. ತೂಕವೂ ಸಾಕ್ಷಿ ಹೇಳುತ್ತದೆ. ಪ್ರಾಮಾಣಿಕ 100+100 ವ್ಯಾಟ್ ಕ್ಲಾಸ್ ಎಬಿಗೆ 300 ವಿಎ ಆಸುಪಾಸಿನ ಟ್ರಾನ್ಸ್‌ಫಾರ್ಮರ್ ಬೇಕು, ಅಷ್ಟು ಸಾಮರ್ಥ್ಯದ ಟೊರಾಯ್ಡ್ (ಉಂಗುರಾಕಾರದ ಟ್ರಾನ್ಸ್‌ಫಾರ್ಮರ್) ಒಂದೇ ಎರಡೂವರೆ ಕಿಲೋಗೆ ಕಡಿಮೆ ತೂಗದು. ಇಡೀ ಪೆಟ್ಟಿಗೆ 4 ಕಿಲೋ ಇದ್ದರೆ ಅನುಮಾನಿಸಿ.

ಎಸ್‌ಎಂಪಿಎಸ್ (ಭಾರದ ಟ್ರಾನ್ಸ್‌ಫಾರ್ಮರ್ ಬೇಡದ ಸ್ವಿಚಿಂಗ್ ಸಪ್ಲೈ) ಮೇಲೆ ಓಡುವ ಕ್ಲಾಸ್ ಡಿ ಆಂಪ್‌ಗಳಿಗೆ ಈ ತೂಕದ ಮಾತು ಹೊಂದುವುದಿಲ್ಲ. ಕಡಿಮೆ ದುಡ್ಡಿಗೆ ಹೆಚ್ಚು ಸಿಗುವುದೂ ಅಲ್ಲೇ. ಆದರೆ ಅಲ್ಲಿಯೂ ಅಡಾಪ್ಟರ್ ಓದದೆ ಕೊಳ್ಳಬೇಡಿ. ಇಂಥ ಆಂಪ್‌ಗಳಲ್ಲಿರುವ ಟಿಪಿಎ3255 ಚಿಪ್‌ನ 315 ವ್ಯಾಟ್ ಎಂಬುದು 51 ವೋಲ್ಟ್ ಸಪ್ಲೈ, 4 ಓಮ್, 10% ಡಿಸ್ಟಾರ್ಷನ್‌ನ ಅಂಕಿ. ಅದರ ಜೊತೆ 32 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಕೊಟ್ಟಿದ್ದರೆ 8 ಓಮ್‌ಗೆ ಸಿಗುವುದು ಚಾನೆಲ್‌ಗೆ 55 ವ್ಯಾಟ್ ಆಸುಪಾಸು. ಇನ್ನೊಂದು, ಇವು ಸಾಮಾನ್ಯವಾಗಿ ಬ್ರಿಡ್ಜ್ ಔಟ್‌ಪುಟ್‌ನವು, ಕಪ್ಪು ಟರ್ಮಿನಲ್‌ನಲ್ಲೂ ಸಿಗ್ನಲ್ ಇರುತ್ತದೆ. ಎರಡು ಚಾನೆಲ್‌ಗಳ ಕಪ್ಪನ್ನು ಒಂದಕ್ಕೊಂದು ಸೇರಿಸಿದರೆ, ಅಥವಾ ಗ್ರೌಂಡ್‌ಗೆ ಕಟ್ಟಿರುವ ಸಬ್‌ವೂಫರ್‌ನ ಸ್ಪೀಕರ್ ಇನ್‌ಪುಟ್‌ಗೆ ಕೊಟ್ಟರೆ, ಚಿಪ್ ಹೋದಂತೆಯೇ.

ಈಗಾಗಲೇ ವೂಫರ್ ಸುಟ್ಟಿದ್ದರೆ, ಹೊಸದನ್ನು ತಂದು ಅದೇ ಆಂಪ್‌ಗೆ ಸಿಕ್ಕಿಸಿ ನೋಡಲು ಹೋಗಬೇಡಿ, ಅದೂ ಸುಡುತ್ತದೆ. ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರ್‌ಗಳನ್ನು 100 ಓಮ್ 5 ವ್ಯಾಟ್ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಆ ಚಾನೆಲ್‌ನ ಎರಡೂ ಔಟ್‌ಪುಟ್ ಟ್ರಾನ್ಸಿಸ್ಟರ್ ಬದಲಿಸಿ. ಡ್ರೈವರ್ ಟ್ರಾನ್ಸಿಸ್ಟರ್ ಮತ್ತು ಎಮಿಟರ್ ರೆಸಿಸ್ಟರ್‌ಗಳನ್ನೂ ಅಳೆಯಿರಿ, ಅವು ಹೆಚ್ಚಾಗಿ ಜೊತೆಗೇ ಹೋಗಿರುತ್ತವೆ. ಸ್ಪೀಕರ್ ಪ್ರೊಟೆಕ್ಷನ್ ಬೋರ್ಡು ಬಿಡಿಯಾಗಿ ಸಿಗುತ್ತದೆ, ಅದನ್ನು ಹಾಕಿಸಿ. ಮೊದಲ ಸಲ ಮೇನ್ಸ್ ಕೊಡುವಾಗ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿಡಿ. ಫಳ್ ಅಂತ ಹೊತ್ತಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಒಳಗೆ ಇನ್ನೂ ಶಾರ್ಟ್ ಇದೆ. ಬಲ್ಬ್ ತೆಗೆದು ಡಿಸಿ ಅಳೆದಾದ ಮೇಲೂ, ಹೋದರೆ ಹೋಗಲಿ ಅನ್ನುವಂಥ ಹಳೇ ಸ್ಪೀಕರ್ ಒಂದನ್ನು ಕಟ್ಟಿ ಎರಡು ದಿನ ಹಾಡಿಸಿ. ಹೊಸ ವೂಫರ್ ಕೂರಿಸುವುದು ಮೂರನೇ ದಿನ.