ಅಣೆಕಟ್ಟು ಸುರಕ್ಷತೆ: ನಮ್ಮ 2021ರ ಕಾಯ್ದೆಯೋ, ಬ್ರಿಟನ್ನಿನ 1975ರದೋ?

ಕಟ್ಟೆ, ಕೆರೆಗಳ ಸುರಕ್ಷತೆಯ ವಿಮರ್ಶೆಗೆ ಯಾವ ಕಾಯ್ದೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಲಿ ಎಂದು ಕೇಳಿದ್ದೀರಿ. ಮೊದಲು ನೋಡಬೇಕಾದದ್ದು ವ್ಯಾಪ್ತಿ. ಭಾರತದ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಎತ್ತರವನ್ನು ಅಳೆಯುತ್ತದೆ: 15 ಮೀಟರ್ ಮೀರಿದ್ದು, ಜೊತೆಗೆ 10ರಿಂದ 15 ಮೀಟರ್ ನಡುವಿನ ಕೆಲವು. ಬ್ರಿಟನ್ನಿನ 1975ರ ಜಲಾಶಯ ಕಾಯ್ದೆ ನೀರನ್ನು ಅಳೆಯುತ್ತದೆ: ಇಂಗ್ಲೆಂಡಿನಲ್ಲಿ ನೆಲಮಟ್ಟಕ್ಕಿಂತ ಮೇಲೆ 25,000 ಘನ ಮೀಟರ್. ಅಂದರೆ ಒಂದು ಹೆಕ್ಟೇರಿನಲ್ಲಿ ಎರಡೂವರೆ ಮೀಟರ್ ನೀರು. ಈ ಲೆಕ್ಕ ಹಿಡಿದರೆ ನಮ್ಮ ಎಷ್ಟೋ ಹಳ್ಳಿ ಕೆರೆಗಳು ಕಾನೂನಿನೊಳಗೆ ಬರುತ್ತವೆ. ಈಗ ಬಹುಪಾಲು ಹೊರಗಿವೆ. ಏರಿ ಗಿಡ್ಡವಿದ್ದರೂ ಒಡೆದರೆ ಊರು ಕೊಚ್ಚಿಹೋಗುತ್ತದೆಯಲ್ಲ!

ತಪಾಸಣೆಯ ವಿಷಯದಲ್ಲಿ ನಮ್ಮದು ಬಿಗಿ. ಮುಂಗಾರಿಗೆ ಮೊದಲು ಮತ್ತು ನಂತರ, ಭೂಕಂಪ, ಪ್ರವಾಹಗಳ ವೇಳೆ ಪರಿಶೀಲನೆ ಕಡ್ಡಾಯ. ಅಲ್ಲಿ ಒಡೆದರೆ ಜೀವಹಾನಿ ಆಗಬಹುದಾದ ಜಲಾಶಯಗಳಿಗೆ ಹತ್ತು ವರ್ಷಕ್ಕೊಮ್ಮೆಯಾದರೂ ದೊಡ್ಡ ತಪಾಸಣೆ, ನಡುವೆ ಮೇಲ್ವಿಚಾರಕ ಎಂಜಿನಿಯರ್. ಆದರೆ ಅಲ್ಲಿ ಆ ದೊಡ್ಡ ತಪಾಸಣೆ ಮಾಡುವವರು ಮಾಲೀಕರಿಂದ ಸ್ವತಂತ್ರರಾಗಿರಬೇಕು. ನಮ್ಮಲ್ಲಿ ಅಣೆಕಟ್ಟು ಹೆಚ್ಚಾಗಿ ರಾಜ್ಯದ್ದೇ, ಸುರಕ್ಷತಾ ಸಂಸ್ಥೆಯೂ ರಾಜ್ಯದ್ದೇ. ನನಗೆ ಕಿರಿಕಿರಿ ಆಗುವುದು ಇಲ್ಲೇ.

ಶಿಕ್ಷೆ? ಕಾಯ್ದೆಯಡಿ ಕೊಟ್ಟ ನಿರ್ದೇಶನ ಪಾಲಿಸದಿದ್ದರೆ ಇಲ್ಲಿ ಒಂದು ವರ್ಷದವರೆಗೆ ಜೈಲು, ಜೀವಹಾನಿಯಾದರೆ ಎರಡು.

2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದಂಥ ಘಟನೆ ನಿಮ್ಮ ವಿಷಯವಾದರೆ 2021ರ ಕಾಯ್ದೆ ಹಿಡಿಯಿರಿ. ನಿರ್ವಹಣೆ, ತುರ್ತು ಯೋಜನೆಗಳ ಹೊಣೆ ಅದರಲ್ಲಿ ವಿವರವಾಗಿದೆ. ಕೆರೆ ಏರಿಗಳಾದರೆ 1975ರದನ್ನು ಪಕ್ಕದಲ್ಲಿಟ್ಟುಕೊಂಡು ಬರೆಯಿರಿ.