ಒಂಬತ್ತು ವರ್ಷ ಓಡಿಸಿದ ಡಿಐ2

ನನ್ನ ರೋಡ್ ಸೈಕಲ್ಲಿನಲ್ಲಿರುವುದು ಶಿಮಾನೊ ಅಲ್ಟೆಗ್ರಾ ಡಿಐ2, 6870 ಸರಣಿಯದು. ಅಂದರೆ ಕೇಬಲ್ ಬದಲು ಬ್ಯಾಟರಿ, ಮೋಟಾರಿನಿಂದ ಗೇರ್ ಬದಲಾಯಿಸುವ ಸೆಟ್ಟು. ಹಿಂದೆ 11 ಗೇರು, ಬ್ಯಾಟರಿ ಸೀಟ್‌ಪೋಸ್ಟ್ (ಸೀಟಿನ ಕೆಳಗಿನ ಕೊಳವೆ) ಒಳಗೆ. ಒಂಬತ್ತು ವರ್ಷದಿಂದ ಚಾಮುಂಡಿ ಬೆಟ್ಟಕ್ಕೆ ಇದೇ ಗಾಡಿ.

ಎಲ್ಲರೂ ಕೇಳೋದು ಒಂದೇ, "ದಾರೀಲಿ ಚಾರ್ಜ್ ಮುಗಿದ್ರೆ?" ಇವತ್ತಿನವರೆಗೂ ಮುಗಿದಿಲ್ಲ. ಎರಡು ತಿಂಗಳಿಗೊಮ್ಮೆ ಚಾರ್ಜರ್ ಚುಚ್ಚುತ್ತೇನೆ, ಅಷ್ಟೇ. ಕಡಿಮೆಯಾದರೂ ಮೊದಲು ನಿಲ್ಲುವುದು ಮುಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ). ಹಿಂದಿನದು ಇನ್ನಷ್ಟು ದೂರ ಕೆಲಸ ಮಾಡುತ್ತದೆ, ಮನೆ ಸೇರಬಹುದು.

ಇದು ಗೊತ್ತಿದ್ದದ್ದರಿಂದಲೇ ಒಮ್ಮೆ ಮೋಸಹೋದೆ. ಬೆಟ್ಟದ ನಂದಿಯ ಹತ್ತಿರ ಮುಂದಿನ ಗೇರ್ ಬೀಳಲೇ ಇಲ್ಲ. ಬ್ಯಾಟರಿ ಹೋಯ್ತು ಅಂದುಕೊಂಡೆ. ಬಲಗಡೆ ಗೇರ್ ಲಿವರ್ ಒತ್ತಿ ಹಿಡಿದರೆ ಹಸಿರು ದೀಪ ಬಂತು, ಅಂದರೆ ಚಾರ್ಜ್ ಇದೆ. ಎಡಗಡೆಯದು, ಅಂದರೆ ಮುಂದಿನ ಗೇರಿನದು, ಒತ್ತಿದರೆ ದೀಪವೇ ಇಲ್ಲ! ಆಗ ಹೊಳೆಯಿತು. ಹಿಂದಿನ ವಾರ ಒಂದು ಅಂಗಡಿಯಲ್ಲಿ ಹ್ಯಾಂಡಲ್ ಬಿಚ್ಚಿ ಜೋಡಿಸಿದ್ದರು. ಸ್ಟೆಮ್ (ಹ್ಯಾಂಡಲ್ ಹಿಡಿದಿರುವ ತುಂಡು) ಕೆಳಗೆ ವೈರುಗಳು ಸೇರುವ ಪುಟ್ಟ ಪೆಟ್ಟಿಗೆಯಲ್ಲಿ ಎಡಗಡೆ ವೈರಿನ ಪ್ಲಗ್ ಕೂದಲೆಳೆಯಷ್ಟು ಹೊರಗಿತ್ತು. ಬೆರಳಲ್ಲಿ ಒತ್ತಿದರೆ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಮನೆಗೆ ಬಂದು ಅದಕ್ಕಂತಲೇ ಇರುವ ಪ್ಲಾಸ್ಟಿಕ್ ಟೂಲ್ ಇಟ್ಟು ಒತ್ತಿದೆ. 'ಟಿಕ್' ಅಂತು. ಆ ಸದ್ದು ಕೇಳದೆ ಅಂಗಡಿಯಿಂದ ಗಾಡಿ ತರಬೇಡಿ, ದಯವಿಟ್ಟು.

ಇನ್ನೊಂದು ಸಲ ಗಾಡಿ ಗೋಡೆಯಿಂದ ಜಾರಿ ಬಲಕ್ಕೆ ಬಿತ್ತು. ಹಿಂದಿನ ಗೇರ್ ಸ್ತಬ್ಧ. ಕೆಟ್ಟಿರಲಿಲ್ಲ. ಪೆಟ್ಟು ಬಿದ್ದರೆ ಡಿರೇಲರ್ ತನ್ನನ್ನು ಉಳಿಸಿಕೊಳ್ಳಲು ಮೋಟಾರಿನ ಕೊಂಡಿ ಬಿಡಿಸಿಕೊಳ್ಳುತ್ತದೆ. ಪೆಟ್ಟಿಗೆಯ ಗುಂಡಿಯನ್ನು 5 ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿದು, ಪೆಡಲ್ ತಿರುಗಿಸಿದೆ. ತಾನೇ ಸರಿಹೋಯ್ತು.

ಹಳೆ ಗಾಡಿಯಲ್ಲಿ ಪ್ರತಿ ಮಳೆಗಾಲ ಮುಗಿದ ಮೇಲೆ ಗೇರ್ ಕೇಬಲ್ ಬದಲಾಯಿಸುತ್ತಿದ್ದೆ. ಆ ಕಾಟ ಪೂರ್ತಿ ತಪ್ಪಿದೆ. ಆದರೆ ಚೈನ್‌ಗೆ ಕರೆಂಟಿನ ಹಂಗಿಲ್ಲ ಅಲ್ವಾ, ಅದು ಸವೆಯುತ್ತಲೇ ಇರುತ್ತದೆ. ಸವೆತ ಅಳೆಯುವ ಗೇಜಿನಲ್ಲಿ 0.5% ತೋರಿಸಿದ ಕೂಡಲೇ ಬದಲಾಯಿಸುತ್ತೇನೆ. ಇಲ್ಲದಿದ್ದರೆ ಕ್ಯಾಸೆಟ್ಟೂ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಹಾಳು.

ನನಗಿರುವ ಚಿಂತೆ ಬಿಡಿಭಾಗದ್ದು. 2021ರಲ್ಲಿ ಬಂದ 12 ಗೇರಿನ ಸೆಟ್ಟಿಗೆ ವೈರ್ ಬೇರೆ, ಪ್ಲಗ್ ಸಣ್ಣದು. ನನ್ನದಕ್ಕೆ ನೇರವಾಗಿ ಕೂರಲ್ಲ. ಹಾಗಾಗಿ ಹಳೆ ಮಾದರಿಯ ಎಸ್‌ಡಿ50 ವೈರ್ ಎರಡು ತಂದಿಟ್ಟುಕೊಂಡಿದ್ದೇನೆ. ಸೆಕೆಂಡ್ ಹ್ಯಾಂಡ್ 6870 ನೋಡುತ್ತಿರುವವರು ಚಾರ್ಜರ್ ಮತ್ತು ಆ ಪ್ಲಾಸ್ಟಿಕ್ ಟೂಲ್ ಎರಡನ್ನೂ ಕೇಳಿ ಇಸ್ಕೊಳ್ಳಿ.