ನೀರು ಕುಡಿದ ಟಾಪ್ ಮೋಟಾರು: ರಿಪೇರಿಯಾಗಿ ಎರಡು ವರ್ಷ

ಮೊದಲು ಬೈದು ಮುಗಿಸಿಬಿಡುತ್ತೇನೆ. ನನ್ನದು ಕನ್ವರ್ಟಿಬಲ್, ಅಂದರೆ ಚಾವಣಿ (ಟಾಪ್) ಮಡಚಿ ತೆರೆಯುವ ಕಾರು. ಅದರಲ್ಲಿ ಟಾಪ್ ಮಡಚಿ ಕೂರುವ ಗುಂಡಿಯ ತಳದಲ್ಲಿ, ಮಳೆನೀರು ಹರಿದುಹೋಗಲು ಒಂದು ತೂತು ಇದೆ. ಕಿರುಬೆರಳೂ ತೂರದಷ್ಟು ಸಣ್ಣದು. ಅದರ ಪಕ್ಕದಲ್ಲೇ, ನೀರು ನಿಂತರೆ ಮೊದಲು ಮುಳುಗುವ ಜಾಗದಲ್ಲಿ, ಟಾಪ್ ಎತ್ತುವ ಪಂಪು ಮತ್ತು ಮೋಟಾರನ್ನು ಕೂರಿಸಿದ್ದಾರೆ. ಸದ್ದು ಕೇಳಿಸಬಾರದು ಅಂತ ಸ್ಪಂಜಿನ ಹೊದಿಕೆ ಬೇರೆ! ಎಲೆ, ಧೂಳು ಸೇರಿ ತೂತು ಕಟ್ಟಿಕೊಂಡಿತು. ನಿಂತ ನೀರನ್ನೆಲ್ಲ ಸ್ಪಂಜು ಹೀರಿತು. ಮೋಟಾರು ಎಷ್ಟು ದಿನ ಒದ್ದೆ ಕಂಬಳಿ ಹೊದ್ದು ಮಲಗಿತ್ತೋ ಏನೋ.

ಒಂದು ಸಂಜೆ ಮೋಡ ಕವಿದಾಗ ಟಾಪ್ ಮುಚ್ಚೋಣ ಅಂತ ಸ್ವಿಚ್ ಒತ್ತಿದರೆ ಬರೀ 'ಟಿಕ್'. ಮೋಟಾರಿಗೆ ಕರೆಂಟು ಬಿಡುವ ರಿಲೇ ಬಡಿಯುತ್ತಿದೆ, ಮೋಟಾರಿನ ಸುದ್ದಿಯೇ ಇಲ್ಲ. ಪಂಪಿನ ಬೈಪಾಸ್ ಸ್ಕ್ರೂ (ಟಾಪ್ ಎತ್ತುವ ಎಣ್ಣೆಯ ಒತ್ತಡ ಇಳಿಸುವಂಥದ್ದು) ಸಡಿಲಿಸಿ, ಇನ್ನೊಬ್ಬರ ಸಹಾಯದಿಂದ ಟಾಪನ್ನು ಕೈಯಲ್ಲೇ ಎಳೆದು ಮುಚ್ಚಿದ್ದಾಯಿತು. ಸ್ಕ್ರೂ ಸಡಿಲಿಸದೆ ಜಗ್ಗಬೇಡಿ. ಸಿಲಿಂಡರಿನೊಳಗಿನ ಎಣ್ಣೆ ಬಿಡುವುದಿಲ್ಲ, ಟಾಪಿನ ಫ್ರೇಮು ಬಾಗುತ್ತದೆ.

ಗ್ಯಾರೇಜಿನಲ್ಲಿ ಮೋಟಾರು, ಪಂಪು ಎರಡನ್ನೂ ಸೇರಿಸಿ ಹೊಸ ಸೆಟ್ ಹಾಕಬೇಕು ಅಂದರು. ಸೆಕೆಂಡ್ ಹ್ಯಾಂಡ್ ಕಾರು ಕೊಂಡವನಿಗೆ ಅದರ ಬೆಲೆ ಕೇಳಿಯೇ ಸುಸ್ತು. ಮನೆಗೆ ಬಂದು ಮೀಟರ್ ಇಟ್ಟು ನೋಡಿದೆ. ಸ್ವಿಚ್ ಒತ್ತಿದಾಗ 12 ವೋಲ್ಟ್ ಮೋಟಾರಿನ ಬಾಗಿಲವರೆಗೂ ಬರುತ್ತಿತ್ತು. ಅಂದರೆ ರೋಗ ಒಳಗೇ ಇದೆ ಅಂತಾಯಿತು. ಸ್ಟಾರ್ಟರ್ ಮೋಟಾರ್ ರಿಪೇರಿ ಮಾಡುವವರ ಬಳಿ ಒಯ್ದು ಬಿಚ್ಚಿಸಿದಾಗ ತುಕ್ಕಿನ ನೀರು ಸುರಿಯಿತು. ಒಳಗೆ ಕರೆಂಟು ದಾಟಿಸುವ ಕಾರ್ಬನ್ ಬ್ರಷ್‌ಗಳು ಅವುಗಳ ಗೂಡಿನಲ್ಲೇ ಕಚ್ಚಿಕೊಂಡು, ಕಮ್ಯುಟೇಟರಿಗೆ (ಮೋಟಾರಿನ ಜೊತೆ ತಿರುಗುವ ತಾಮ್ರದ ಭಾಗಕ್ಕೆ) ತಾಗುತ್ತಲೇ ಇರಲಿಲ್ಲ. ಪುಣ್ಯಕ್ಕೆ ವೈಂಡಿಂಗ್, ಅಂದರೆ ಒಳಗಿನ ತಂತಿ ಸುತ್ತು, ಸುಟ್ಟಿರಲಿಲ್ಲ. ಕಮ್ಯುಟೇಟರ್ ಉಜ್ಜಿ, ಬ್ರಷ್ ಮತ್ತು ಬೇರಿಂಗ್ ಹೊಸದು ಹಾಕಿದರು. ಹೊಸ ಸೆಟ್ಟಿನ ಬೆಲೆ ಮುಂದೆ ಆ ಖರ್ಚು ಏನೂ ಅಲ್ಲ.

ಅದೇ ಗುಂಡಿಯಲ್ಲಿ ಮತ್ತೆ ಕೂರಿಸಿದ್ದರೆ ನನ್ನಂಥ ಮೂರ್ಖ ಇನ್ನೊಬ್ಬ ಇರುತ್ತಿರಲಿಲ್ಲ. ದಪ್ಪ ತಂತಿ ಹಾಕಿಸಿ, ಎಣ್ಣೆ ಪೈಪುಗಳನ್ನು ತಿರುಗಿಸಿ, ಮೋಟಾರು, ಪಂಪು ಎರಡನ್ನೂ ಡಿಕ್ಕಿಯ ಮೂಲೆಗೆ ತಂದೆ. ಒಂದು ಬ್ಯಾಗಿನ ಜಾಗ ಹೋಯಿತು. ಸ್ಪಂಜಿನ ಹೊದಿಕೆಯನ್ನು ಮತ್ತೆ ಹಾಕಲಿಲ್ಲ, ಹಾಗಾಗಿ ಸದ್ದು ಜಾಸ್ತಿ. ಮೊದಲ ವಾರ ಅದೇ ಕಿರಿಕಿರಿ.

ಆಮೇಲೆ ಆ ಸದ್ದೇ ಇಷ್ಟವಾಗತೊಡಗಿತು. ಈಗ ದಿನಾ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿಯೇ ಸ್ವಿಚ್ ಒತ್ತುತ್ತೇನೆ, ಬ್ಯಾಟರಿ ಮೇಲೆ ಭಾರ ಬೀಳಬಾರದು ನೋಡಿ. ರೇಡಿಯೋ ಆಫ್. ಮೊದಲು ಸಣ್ಣ ಗುಂಯ್ ರಾಗ. ಟಾಪ್ ಎದ್ದು ನಿಲ್ಲುವಾಗ ದನಿ ಸ್ವಲ್ಪ ತಗ್ಗುತ್ತದೆ, ನೆತ್ತಿ ದಾಟಿ ಹಿಂದಕ್ಕೆ ವಾಲಿದ ಮೇಲೆ ಹಗುರಾಗುತ್ತದೆ. ಕೊನೆಗೆ ಪೂರ್ತಿ ಮಡಚಿಕೊಂಡಾಗ ಒಂದು 'ಹೂಂ', ಸ್ವಿಚ್ ಬಿಡು ಅಂದ ಹಾಗೆ. ಅಲ್ಲಿಗೆ ಬಿಡಬೇಕು. ಸುಮ್ನೆ ಒತ್ತಿ ಹಿಡಿದರೆ ಮೋಟಾರು ಬಿಸಿಯಾಗುತ್ತದೆ.

ಈ ಚಾಳಿಯಿಂದಲೇ ಹೋದ ವರ್ಷ ಬಚಾವಾದೆ. ಒಂದು ದಿನ ಗುಂಯ್ ಬದಲು ಕೀರಲು ಸದ್ದು ಬಂತು, ಟಾಪ್ ಜಗ್ಗಿ ಜಗ್ಗಿ ಏಳುತ್ತಿತ್ತು. ಪಂಪಿಗೆ ಗಾಳಿ ಹೊಕ್ಕಿತ್ತು. ಎಣ್ಣೆ ಕಡಿಮೆಯಾಗಿತ್ತು, ಒಂದು ಸಿಲಿಂಡರಿನ ಸೀಲ್ ಜಿನುಗುತ್ತಿತ್ತು. ಎಣ್ಣೆ ಮಾತ್ರ ಕಾರಿನ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ. ಹಳೆಯ ಕೆಲವು ಕಾರುಗಳ ಟಾಪಿಗೆ ಬ್ರೇಕ್ ಆಯಿಲ್ಲೇ ಬೇಕು. ನನ್ನದಕ್ಕೆ ಅದನ್ನು ಸುರಿದರೆ ಸೀಲುಗಳು ಉಬ್ಬಿ ಕೆಡುತ್ತವೆ.

ಈ ರಿಪೇರಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ಡಿಕ್ಕಿಯ ಜಾಗಕ್ಕೆ. ಸಾಮಾನು ಜಾಸ್ತಿ ಒಯ್ಯುವವರು ಬೇಕಾದರೆ ಇನ್ನೊಂದು ಕಳೆಯಲಿ. ಹೊಸ ಸೆಟ್ಟಿಗೆ ದುಡ್ಡಿದ್ದರೆ ತಗೊಳ್ಳಿ, ಬೇಡ ಅನ್ನಲ್ಲ. ಆದರೆ ಅದನ್ನೂ ಆ ಗುಂಡಿಗೆ ಮಾತ್ರ ಇಳಿಸಬೇಡಿ.

ತೂತಿನ ಸೇವೆ ಈಗಲೂ ತಪ್ಪಿಲ್ಲ. ತಿಂಗಳಿಗೊಮ್ಮೆ ದಪ್ಪ ನೈಲಾನ್ ದಾರ ತೂರಿಸುತ್ತೇನೆ. ಕಬ್ಬಿಣದ ತಂತಿ ಹಾಕಿದರೆ ರಬ್ಬರ್ ಕೊಳವೆ ಹರಿಯಬಹುದು. ಆಮೇಲೆ ಒಂದು ಲೋಟ ನೀರು ಸುರಿದು, ಬಗ್ಗಿ ಕಾರಿನ ಅಡಿ ನೋಡುತ್ತೇನೆ. ನೆಲ ಒದ್ದೆಯಾಗುವವರೆಗೂ ಏಳುವುದಿಲ್ಲ.